ದೇಹದ ಉರಿಯೂತ ಮತ್ತು ಚಿತ್ತದ ವೈಕಲ್ಯ: ಒಂದು ಚಿಕಿತ್ಸೆಯ ಇತಿಹಾಸ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಕಾಲು ಮುರಿದರೆ ನೆಂಟರಿಷ್ಟರು ಹಣ್ಣುಹಂಪಲು ಹಿಡಿದು ನೋಡಲು ಬರುತ್ತಾರೆ. ಆದರೆ ಅದೇ ಮನೆಯ 20ರ ಹರೆಯದ ಮಗನು ಯಾರೂ ಆಡದ ಮಾತುಗಳನ್ನು ಕೇಳತೊಡಗಿದರೆ, ಹೆತ್ತವರೇ ತನಗೆ ವಿಷವಿಕ್ಕುತ್ತಿರುವರೆಂದು ಶಂಕಿಸತೊಡಗಿದರೆ, ಓದನ್ನೂ ಕೆಲಸವನ್ನೂ ತೊರೆದು ಮೂಲೆ ಹಿಡಿದು ಕುಳಿತರೆ ಆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ವಿಷಯವನ್ನು ಹೊರಗೆ ಹೇಳಬಾರದೆಂದು ಮನೆಯವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಯಾರ ಕಣ್ಣು ತಾಕಿತೋ, ಯಾರ ಪಾಪ ಕಾಡಿತೋ ಎಂಬ ಲೆಕ್ಕಾಚಾರ ಮೊದಲಾಗುತ್ತದೆ. ದೇಹದ ಬೇನೆಗೆ ದೊರೆಯುವ ಕರುಣೆ ಮನಸ್ಸಿನ ಬೇನೆಗೆ ದೊರೆಯದಿರುವುದೇಕೆ? ಇವೆರಡೂ ಬೇರೆ ಬೇರೆ ಲೋಕಗಳಿಗೆ ಸೇರಿದವು ಎಂಬ ನಮ್ಮ ಗಟ್ಟಿಯಾದ ನಂಬಿಕೆಯೇ ಇದಕ್ಕೆ ಕಾರಣವಾಗಿರಬಹುದು. ಈ ನಂಬಿಕೆಯನ್ನು ಅಲುಗಿಸಿದ ಒಂದು ಸಂಶೋಧನೆಯ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಗಾಯ, ಬಾವು, ಜ್ವರಗಳಲ್ಲಿ ದೇಹದೊಳಗೆ ಏಳುವ ಉರಿಯೂತವು ಮನಸ್ಸನ್ನೂ ಕೆಡಿಸಬಲ್ಲುದೆ, ಹಾಗಿದ್ದಲ್ಲಿ ಅದನ್ನು ತಣಿಸುವ ಮದ್ದು ಮನಸ್ಸಿಗೂ ಮದ್ದಾಗಬಲ್ಲುದೆ ಎಂಬುದು ಆ ಸಂಶೋಧನೆಯ ಪ್ರಶ್ನೆ.

ನಾವಿಲ್ಲಿ ಹೇಳಹೊರಟಿರುವ ರೋಗವನ್ನು ವೈದ್ಯರು ಸ್ಕಿಜೋಫ್ರೇನಿಯಾ ಎಂದು ಕರೆಯುತ್ತಾರೆ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಬಡವ ಬಲ್ಲಿದ, ಓದಿದವ ಓದದವ ಎಂಬ ಭೇದ ಇದಕ್ಕಿಲ್ಲ. ಬಹುಮಟ್ಟಿಗೆ ಹರೆಯದ ಕೊನೆಯಲ್ಲಿ ಅಥವಾ ಯೌವನದ ಮೊದಲ ವರ್ಷಗಳಲ್ಲಿ ಇದು ತಲೆಯೆತ್ತುತ್ತದೆ. ಜರ್ಮನಿಯ ವೈದ್ಯನಾದ ಎಮಿಲ್ ಕ್ರೆಪೆಲಿನ್‌ನು 1890ರ ದಶಕದಲ್ಲಿ ಇದನ್ನು ಉಳಿದ ಮನೋರೋಗಗಳಿಂದ ಬೇರ್ಪಡಿಸಿ, ಹರೆಯದಲ್ಲೇ ಬುದ್ಧಿಯನ್ನು ಕುಂದಿಸುವ ರೋಗವೆಂದು ವರ್ಣಿಸಿದನು. ಸ್ವಿಟ್ಜರ್‌ಲೆಂಡಿನ ಆಯ್ಗೆನ್ ಬ್ಲಾಯ್ಲರ್‌ನು 1908ರಲ್ಲಿ ಇದಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನಿತ್ತನು. ಮನಸ್ಸಿನ ಒಡಕು ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ. ಒಬ್ಬನಲ್ಲಿ ಇಬ್ಬರಿರುತ್ತಾರೆಂದು ಇದರ ಅರ್ಥವಲ್ಲ. ಆಲೋಚನೆ, ಭಾವ ಮತ್ತು ನಡತೆಗಳ ನಡುವಣ ಹೊಂದಿಕೆ ಮುರಿದುಬೀಳುವುದೇ ಆ ಒಡಕು.

ನಮ್ಮ ಕಥೆಯ ಎರಡು ಎಳೆಗಳು ಈ ಹೆಸರು ಹುಟ್ಟುವ ಮೊದಲೇ, ಒಂದೇ ವರ್ಷದಲ್ಲಿ ಆರಂಭಗೊಂಡವು. ಅದು 1853ನೆಯ ಇಸವಿ. ಆ ವರ್ಷ ಫ್ರಾನ್ಸಿನ ರಸಾಯನಜ್ಞನಾದ ಶಾರ್ಲ್ ಗೆರ್ಹಾರ್ಟ್‌ನು ವಿಲೋ ಮರದ ತೊಗಟೆಯ ಸತ್ವಕ್ಕೆ ಸಂಬಂಧಿಸಿದ ಒಂದು ಆಮ್ಲವನ್ನು ಮಾರ್ಪಡಿಸಿ ಹೊಸ ವಸ್ತುವೊಂದನ್ನು ಪಡೆದನು. ಅದೇ ಮುಂದೆ ಆಸ್ಪಿರಿನ್ ಎಂದು ಲೋಕವಿಖ್ಯಾತವಾಯಿತು. ಅದೇ ವರ್ಷ, ಹಿಂದೊಮ್ಮೆ ಗೆರ್ಹಾರ್ಟ್‌ನಿಗೆ ಗುರುವಾಗಿದ್ದ ಯುಸ್ಟುಸ್ ಫಾನ್ ಲೀಬಿಗ್‌ನು ನಾಯಿಯ ಮೂತ್ರದಲ್ಲಿ ಒಂದು ಹೊಸ ಆಮ್ಲವನ್ನು ಕಂಡನು. ನಾಯಿ ಮತ್ತು ಮೂತ್ರ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದಕ್ಕೆ ಕೈನುರೆನಿಕ್ ಆಮ್ಲ ಎಂದು ಹೆಸರಿಟ್ಟನು. ಲೀಬಿಗ್‌ನು ಅದರ ಹಿಂದಿನ ವರ್ಷವಷ್ಟೇ ಮ್ಯೂನಿಕ್ ನಗರಕ್ಕೆ ಬಂದು ನೆಲೆಸಿದ್ದನು. ನೋವು ಕಳೆಯುವ ಆ ಗುಳಿಗೆಯ ಮನೆತನಕ್ಕೂ ನಾಯಿಯ ಮೂತ್ರದ ಈ ಆಮ್ಲಕ್ಕೂ ಮನುಷ್ಯನ ಮಿದುಳಿನಲ್ಲಿ ನಂಟಿರಬಹುದೆಂಬುದನ್ನು ಆ ಗುರುಶಿಷ್ಯರಲ್ಲಿ ಯಾರೂ ಕನಸಿನಲ್ಲಿಯೂ ನೆನೆಸಿರಲಾರರು. ಆ ನಂಟಿನ ಸುಳಿವು ದೊರೆಯಲು ಸುಮಾರು 150 ವರ್ಷಗಳು ಬೇಕಾದವು.

ಅದಕ್ಕೂ ಮೊದಲು, ದೇಹದ ಉರಿಗೂ ಮನಸ್ಸಿಗೂ ಸಂಬಂಧವುಂಟೆಂಬ ವಿಚಾರವು ಎರಡು ಬಾರಿ ಆಸ್ಪತ್ರೆಗಳನ್ನು ಪ್ರವೇಶಿಸಿತ್ತು. ಒಮ್ಮೆ ಅದು ವರವಾಗಿ ಬಂದಿತು, ಇನ್ನೊಮ್ಮೆ ಶಾಪವಾಗಿ ಬಂದಿತು. ಈ ಎರಡೂ ಪ್ರಸಂಗಗಳನ್ನು ಅರಿಯದೆ ಮುಂದಿನ ಕಥೆಯ ತೂಕ ತಿಳಿಯದು.

ಮೊದಲನೆಯದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ನಡೆಯಿತು. ಅಲ್ಲಿನ ವೈದ್ಯ ಯೂಲಿಯಸ್ ವಾಗ್ನರ್-ಯಾವ್ರೆಗ್‌ನು, ತೀವ್ರವಾದ ಜ್ವರ ಬಂದು ಇಳಿದ ಬಳಿಕ ಕೆಲವು ಮನೋರೋಗಿಗಳ ಚಿತ್ತ ತಿಳಿಯಾಗುವುದನ್ನು ತರುಣನಾಗಿದ್ದಾಗಲೇ ಗಮನಿಸಿದ್ದನು. ಆ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಸಿಫಿಲಿಸ್ ರೋಗವು ಮಿದುಳಿಗೇರಿ ಮತಿಗೆಟ್ಟು, ಪಾರ್ಶ್ವವಾಯು ಬಡಿದು ಸಾಯುವವರು ಬಹುಸಂಖ್ಯೆಯಲ್ಲಿದ್ದರು. ಅಂತಹ ರೋಗಿಗಳಿಗೆ ಆತನು 1917ರಲ್ಲಿ ಮಲೇರಿಯಾ ತಗುಲಿದ್ದ ಒಬ್ಬ ಸೈನಿಕನ ರಕ್ತವನ್ನು ಚುಚ್ಚಿ, ಬೇಕೆಂದೇ ಚಳಿಜ್ವರ ಬರಿಸಿ, ಆಮೇಲೆ ಕ್ವಿನೈನ್ ಕೊಟ್ಟು ಅದನ್ನು ಇಳಿಸಿದನು. ಸಾವನ್ನೇ ಎದುರು ನೋಡುತ್ತಿದ್ದವರಲ್ಲಿ ಕೆಲವರು ಎದ್ದು ಮನೆಗೆ ನಡೆದರು. ಮಲೇರಿಯಾದಿಂದಲೇ ಸತ್ತವರೂ ಇದ್ದರು. 1927ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಈ ಚಿಕಿತ್ಸೆಯ ಅಗತ್ಯವೇ ಉಳಿಯಲಿಲ್ಲ. ಆದರೆ ಒಂದು ಸತ್ಯ ಮಾತ್ರ ಸ್ಥಾಪಿತವಾಯಿತು. ದುರಾಚಾರದ ಫಲವೆಂದು ಹಳಿಯಲ್ಪಟ್ಟಿದ್ದ ಒಂದು ಬಗೆಯ ಹುಚ್ಚು ವಾಸ್ತವವಾಗಿ ಮಿದುಳಿನೊಳಗೆ ಹೊಕ್ಕ ಒಂದು ಸೂಕ್ಷ್ಮಜೀವಿಯ ಕೆಲಸವಾಗಿತ್ತು.

ಎರಡನೆಯದು ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಟ್ರೆಂಟನ್ ನಗರದಲ್ಲಿ ನಡೆದ ದುರಂತ. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ 1907ರಲ್ಲಿ ಮುಖ್ಯಸ್ಥನಾಗಿ ಬಂದ ಹೆನ್ರಿ ಕಾಟನ್‌ನು ಮೊದಮೊದಲು ರೋಗಿಗಳ ಸಂಕೋಲೆಗಳನ್ನು ಬಿಚ್ಚಿಸಿದ ದಯಾವಂತನೆಂದೇ ಹೆಸರಾಗಿದ್ದನು. ಎಲ್ಲ ಬಗೆಯ ಹುಚ್ಚಿಗೂ ದೇಹದಲ್ಲೆಲ್ಲೋ ಅಡಗಿರುವ ಕೀವಿನ ನೆಲೆಯೇ ಮೂಲವೆಂದು ಆತನು ಗಾಢವಾಗಿ ನಂಬಿದನು. 1916ರ ಸುಮಾರಿಗೆ ರೋಗಿಗಳ ಹಲ್ಲುಗಳನ್ನು ಕೀಳಿಸತೊಡಗಿದನು. ಗುಣ ಕಾಣದಿದ್ದಾಗ ಗಂಟಲಿನ ಗ್ರಂಥಿಗಳನ್ನು ತೆಗೆಸಿದನು. ಅದರಿಂದಲೂ ಗುಣ ಕಾಣದಿದ್ದಾಗ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಸಿದನು. ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣ ಹೊಂದಿದರೆಂದು ಸಾರಿದನು. ಕರುಳಿನ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದರೆಂಬುದು ಆತನ ಲೆಕ್ಕದಿಂದಲೇ ತಿಳಿದುಬರುತ್ತದೆ. 1924ರಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆಯನ್ನು ತನಿಖೆಗಾಗಿ ಅಲ್ಲಿಗೆ ಕಳುಹಿಸಲಾಯಿತು. ಆಕೆ ಕಡತಗಳನ್ನೆಲ್ಲ ಜಾಲಾಡಿ, ರೋಗಿಗಳ ಮನೆಗಳಿಗೂ ಹೋಗಿ ವಿಚಾರಿಸಿ, ಗುಣವಾದರೆಂಬ ಮಾತು ಹುಸಿಯೆಂದು ಕಂಡುಕೊಂಡಳು. ಹೆಚ್ಚು ಚಿಕಿತ್ಸೆ ಪಡೆದವರ ಗತಿಯೇ ಹೆಚ್ಚು ಕೆಟ್ಟಿತ್ತು. ಆದರೆ ಆಕೆಯ ವರದಿಯನ್ನು ಆಕೆಯ ಹಿರಿಯನೂ ಕಾಟನ್‌ನ ಗುರುವೂ ಆಗಿದ್ದ ಅಡಾಲ್ಫ್ ಮೇಯರ್‌ನು ಪ್ರಕಟಿಸದೆ ಅದುಮಿಟ್ಟನು. ಹಲ್ಲು ಕೀಳುವ ಕೆಲಸ 1933ರಲ್ಲಿ ಕಾಟನ್ ತೀರಿಕೊಂಡ ಮೇಲೂ ಕೆಲಕಾಲ ನಡೆಯಿತು.

ಇವರಿಬ್ಬರಲ್ಲಿ ಇದ್ದ ಅಂತರವೇನು? ಇಬ್ಬರೂ ದೇಹದ ಮೂಲಕವೇ ಮನಸ್ಸನ್ನು ತಲುಪಲು ಹೊರಟವರು. ಒಬ್ಬನು ಒಂದು ರೋಗವನ್ನು ಹಿಡಿದು, ಅದಕ್ಕಷ್ಟೇ ಒಂದು ಚಿಕಿತ್ಸೆಯನ್ನು ನಡೆಸಿದನು. ಇನ್ನೊಬ್ಬನು ಎಲ್ಲ ರೋಗಗಳಿಗೂ ಒಂದೇ ಕಾರಣವನ್ನು ಕಲ್ಪಿಸಿ, ತನ್ನ ಲೆಕ್ಕವನ್ನು ಮತ್ತೊಬ್ಬರು ಪರೀಕ್ಷಿಸುವುದನ್ನು ಸಹಿಸದಾದನು. ದೇಹಕ್ಕೂ ಮನಸ್ಸಿಗೂ ನಂಟಿದೆಯೆಂಬ ವಿಚಾರದಲ್ಲಿ ದೋಷವಿರಲಿಲ್ಲ. ಪರೀಕ್ಷೆಗೆ ಹೆದರಿದ ಶ್ರದ್ಧೆಯಲ್ಲಿ ದೋಷವಿತ್ತು.

ಕಾಟನ್‌ನ ತರುವಾಯ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಸ್ಕಿಜೋಫ್ರೇನಿಯಾಕ್ಕೆ ದೇಹದಲ್ಲಿ ಕಾರಣ ಹುಡುಕುವುದನ್ನು ಬಿಟ್ಟು ಮನೆಯಲ್ಲಿ ಕಾರಣ ಹುಡುಕಲಾಯಿತು. ತಾಯಿಯ ಒರಟುತನದಿಂದಲೇ ಮಕ್ಕಳಿಗೆ ಈ ರೋಗ ಅಂಟುತ್ತದೆಂಬ ವಾದವನ್ನು 1948ರಲ್ಲಿ ಅಮೆರಿಕದ ಮನೋವಿಶ್ಲೇಷಕರ ವಲಯದಲ್ಲಿ ಮುಂದಿಡಲಾಯಿತು. ಮಗನ ಅವಸ್ಥೆಯನ್ನು ಕಂಡು ಮೊದಲೇ ಬೆಂದಿದ್ದ ಅದೆಷ್ಟೋ ತಾಯಂದಿರು ಅಪರಾಧದ ಹೊರೆಯನ್ನೂ ಹೊರಬೇಕಾಯಿತು. ಈ ವಾದಕ್ಕೆ ಆಧಾರವಿಲ್ಲವೆಂಬುದು ಆಮೇಲೆ ಸ್ಪಷ್ಟವಾಯಿತು.

ಔಷಧದ ಕಡೆಯಿಂದ ಬೆಳಕು ಬಂದದ್ದು 1952ರಲ್ಲಿ. ಪ್ಯಾರಿಸ್ ನಗರದ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯೇರ್ ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ನೀಡಿ, ಭ್ರಮೆಯೂ ಉದ್ರೇಕವೂ ಇಳಿಯುವುದನ್ನು ಕಂಡರು. ನಮ್ಮ ದೇಶದ ಸರ್ಪಗಂಧಿಯ ಬೇರಿನಿಂದ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ರಿಸರ್ಪೀನ್ ಎಂಬ ಸತ್ವವನ್ನು ಬೇರ್ಪಡಿಸಿದ್ದೂ ಅದೇ ವರ್ಷ. ಆ ಬೇರಿನ ಶಾಮಕ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು 1931ರಲ್ಲಿಯೇ ಬರೆದು ತಿಳಿಸಿದ್ದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್‌ರು ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯವು ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನು ಒಯ್ಯುತ್ತದೆಂಬ ವಿಚಾರಕ್ಕೆ ದಾರಿ ತೆರೆದರು. ಈ ಕಾರ್ಯಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹೊಸ ಔಷಧಗಳು ಡೋಪಮೀನಿನ ಸಂದೇಶವನ್ನು ತಡೆದು ಭ್ರಮೆಯನ್ನು ತಗ್ಗಿಸುತ್ತವೆಂಬುದು ಕ್ರಮೇಣ ನಿಶ್ಚಯವಾಯಿತು. ಲಕ್ಷಾಂತರ ಜನರು ಇವುಗಳ ಬಲದಿಂದ ಸರಪಳಿಯಿಂದಲೂ ಕತ್ತಲೆ ಕೋಣೆಯಿಂದಲೂ ಪಾರಾದರು. ಆದರೆ ಎಲ್ಲರೂ ಪೂರ್ಣವಾಗಿ ಗುಣ ಹೊಂದಲಿಲ್ಲ. ಕಿವಿಯೊಳಗಿನ ಧ್ವನಿ ನಿಂತರೂ ಮಂಕು, ಮೌನ, ನಿರುತ್ಸಾಹಗಳು ಹಲವರಲ್ಲಿ ಹಾಗೆಯೇ ಉಳಿದವು. ಡೋಪಮೀನಿನ ಕಥೆ ಸತ್ಯವಾದರೂ ಅದೇ ಪೂರ್ಣ ಸತ್ಯವಲ್ಲವೆಂದು ವಿಚಾರವಂತ ವೈದ್ಯರಿಗೆ ತೋರಿತು.

ಈ ಮಧ್ಯೆ ಗೆರ್ಹಾರ್ಟ್‌ನ ವಸ್ತು ಬಹುದೂರ ಸಾಗಿತ್ತು. ಜರ್ಮನಿಯ ಬಾಯರ್ ಕಂಪೆನಿಯಲ್ಲಿ 1897ರಲ್ಲಿ ಅದನ್ನು ಶುದ್ಧರೂಪದಲ್ಲಿ ತಯಾರಿಸಲಾಯಿತು. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂಬ ಹೆಸರು ಬಂದಿತು. ಅದು ನೋವನ್ನೂ ಊತವನ್ನೂ ಹೇಗೆ ಇಳಿಸುತ್ತದೆಂಬುದು ಮಾತ್ರ 70 ವರ್ಷಗಳಿಗೂ ಹೆಚ್ಚು ಕಾಲ ಯಾರಿಗೂ ತಿಳಿದಿರಲಿಲ್ಲ. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್‌ರು ಆ ಒಗಟನ್ನು ಬಿಡಿಸಿದರು. ದೇಹದಲ್ಲಿ ಉರಿಯೂತವನ್ನು ಎಬ್ಬಿಸುವ ಪ್ರೊಸ್ಟಗ್ಲಾಂಡಿನ್‌ಗಳೆಂಬ ದ್ರವ್ಯಗಳಿವೆ. ಅವುಗಳ ತಯಾರಿಕೆಗೆ ಒಂದು ಕಿಣ್ವ ಬೇಕು. ಆಸ್ಪಿರಿನ್ ಆ ತಯಾರಿಕೆಯನ್ನೇ ತಡೆಯುತ್ತದೆ. ಕಿಣ್ವವೆಂದರೇನು? ಹಾಲಿಗೆ ಬಿದ್ದ ಹೆಪ್ಪು ಹಾಲನ್ನು ಮೊಸರಾಗಿಸುವಾಗ ಅದರಲ್ಲಿರುವ ಜೀವಾಣುಗಳ ಕಿಣ್ವಗಳೇ ಕೆಲಸ ಮಾಡುತ್ತವೆ. ಅಂತೆಯೇ ನಮ್ಮ ದೇಹದೊಳಗೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ, ಮಾರ್ಪಡಿಸಿಯೂ ತಾನು ಖರ್ಚಾಗದೆ ಉಳಿಯುವ ಕುಶಲ ಕೆಲಸಗಾರನೇ ಕಿಣ್ವ. ವೇನ್‌ರು ಗುರುತಿಸಿದ ಕಿಣ್ವಕ್ಕೆ ಸೈಕ್ಲೊಆಕ್ಸಿಜನೇಸ್ ಎಂದು ಹೆಸರು, ಸಂಕ್ಷೇಪವಾಗಿ ಕಾಕ್ಸ್. 1990ರ ದಶಕದ ಆರಂಭದಲ್ಲಿ ಇದರಲ್ಲಿ ಎರಡು ಬಗೆಗಳಿರುವುದು ತಿಳಿದುಬಂದಿತು. ಕಾಕ್ಸ್-1 ಹೊಟ್ಟೆಯ ಒಳಪದರವನ್ನು ಕಾಯುವುದೇ ಮೊದಲಾದ ದಿನನಿತ್ಯದ ಕೆಲಸಗಳನ್ನು ನಡೆಸುತ್ತದೆ. ಕಾಕ್ಸ್-2 ಮುಖ್ಯವಾಗಿ ಉರಿಯೂತದ ಸಮಯದಲ್ಲಿ ಹೆಚ್ಚುತ್ತದೆ. ಎರಡನೆಯದನ್ನು ಮಾತ್ರ ತಡೆಯುವ ಸೆಲೆಕಾಕ್ಸಿಬ್ ಎಂಬ ಔಷಧವು 1998ರ ಕೊನೆಯಲ್ಲಿ ಸಂಧಿವಾತದ ನೋವಿಗಾಗಿ ಅಮೆರಿಕದಲ್ಲಿ ಮಂಜೂರಾಯಿತು.

ಕೀಲುನೋವಿನ ಈ ಮಾತ್ರೆ ಮನೋರೋಗದ ಆಸ್ಪತ್ರೆಗೆ ಬಂದ ಬಗೆಯನ್ನು ಇನ್ನು ನೋಡೋಣ. 1918ರ ಮಹಾ ಇನ್‌ಫ್ಲುಯೆಂಜಾ ಪಿಡುಗಿನ ಬೆನ್ನಿಗೇ ಬಾಸ್ಟನ್ ನಗರದ ತರುಣ ವೈದ್ಯ ಕಾರ್ಲ್ ಮೆನಿಂಜರ್‌ನು, ಜ್ವರ ಬಂದುಹೋದ ಕೆಲವರಲ್ಲಿ ಸ್ಕಿಜೋಫ್ರೇನಿಯಾವನ್ನು ಹೋಲುವ ವಿಕಾರಗಳು ತೋರಿದುದನ್ನು 1919ರಲ್ಲಿ ಬರೆದಿದ್ದನು. ಆ ಸುಳಿವು ಬಹುಕಾಲ ಮೂಲೆಗೆ ಸರಿದಿತ್ತು. ಶತಮಾನದ ಕೊನೆಯ ವೇಳೆಗೆ ರೋಗಿಗಳ ರಕ್ತದಲ್ಲಿಯೂ ಬೆನ್ನುಹುರಿಯ ದ್ರವದಲ್ಲಿಯೂ ದೇಹದ ರಕ್ಷಣಾ ವ್ಯವಸ್ಥೆಯ ಸಂಕೇತ ದ್ರವ್ಯಗಳು ಏರುಪೇರಾಗಿರುವುದನ್ನು ಹಲವು ದೇಶಗಳ ಸಂಶೋಧಕರು ಕಂಡರು. ಇಂತಹ ಅಧ್ಯಯನಗಳು ನಮ್ಮ ಬೆಂಗಳೂರಿನಲ್ಲಿಯೂ ನಡೆದಿವೆ. ಗಂಭೀರ ಸೋಂಕಿಗಾಗಿ ಆಸ್ಪತ್ರೆ ಸೇರಿದವರಿಗೆ ಮುಂದೆ ಈ ರೋಗ ಬರುವ ಸಂಭವ ತುಸು ಹೆಚ್ಚೆಂದು ಡೆನ್ಮಾರ್ಕ್ ದೇಶದ ಜನಸಂಖ್ಯಾ ದಾಖಲೆಗಳಿಂದ 2011ರಲ್ಲಿ ತೋರಿಸಲಾಯಿತು. 2016ರಲ್ಲಿ ಅಮೆರಿಕದ ಸಂಶೋಧಕರು, ದೇಹರಕ್ಷಣೆಗೆ ಸಂಬಂಧಿಸಿದ ಸಿ4 ಎಂಬ ಜೀನಿನ ಕೆಲವು ರೂಪಗಳು ರೋಗದ ಸಂಭವವನ್ನು ಹೆಚ್ಚಿಸುತ್ತವೆಂದು ನಿರೂಪಿಸಿದರು. ಆದರೂ ಸೋಂಕು ತಗುಲಿದ ಬಹುಪಾಲು ಜನರಿಗೆ ಈ ರೋಗ ಬರುವುದಿಲ್ಲ. ಉರಿಯೂತವು ಹಲವು ಕಾರಣಗಳಲ್ಲಿ ಒಂದಾಗಿರಬಹುದೇ ಹೊರತು ಅದೊಂದೇ ಕಾರಣವಲ್ಲ. ಕಾಟನ್‌ನಿಗೆ ತಿಳಿಯದೆ ಹೋದದ್ದು ಈ ವಿವೇಕವೇ.

ಲೀಬಿಗ್‌ನು ಬಂದು ನೆಲೆಸಿದ, ಕ್ರೆಪೆಲಿನ್‌ನೂ ಮುಂದೆ ಪಾಠ ಹೇಳಿದ ಮ್ಯೂನಿಕ್ ನಗರದಲ್ಲಿಯೇ ಮೊದಲ ಮುಖ್ಯ ಪ್ರಯೋಗ ನಡೆದುದು ಇತಿಹಾಸದ ಒಂದು ಸೋಜಿಗ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಬರ್ಟ್ ಮ್ಯುಲರ್‌ರೂ ಸಂಗಡಿಗರೂ ರೋಗ ಉಲ್ಬಣಿಸಿದ್ದ 50 ಮಂದಿಯನ್ನು ಆರಿಸಿಕೊಂಡರು. ಎಲ್ಲರಿಗೂ ರಿಸ್ಪೆರಿಡೋನ್ ಎಂಬ ಮಾಮೂಲಿನ ಔಷಧವನ್ನು ಕೊಡಲಾಯಿತು. ಅವರಲ್ಲಿ ಅರ್ಧ ಮಂದಿಗೆ ದಿನಕ್ಕೆ 400 ಮಿಲಿಗ್ರಾಂ ಸೆಲೆಕಾಕ್ಸಿಬ್‌ನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೂಡಿಸಲಾಯಿತು. ಯಾರಿಗೆ ಯಾವುದು ಸಂದಿದೆಯೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯನಿಗೂ ತಿಳಿಯದು. 5 ವಾರಗಳ ಬಳಿಕ ಗುಟ್ಟನ್ನು ಬಿಚ್ಚಿ ನೋಡಿದಾಗ ಸೆಲೆಕಾಕ್ಸಿಬ್ ಪಡೆದವರ ಸುಧಾರಣೆ ಹೆಚ್ಚಿನದಾಗಿತ್ತು. 2002ರಲ್ಲಿ ಪ್ರಕಟವಾದ ಈ ವರದಿಯು ಮನೋವೈದ್ಯ ಲೋಕದಲ್ಲಿ ಸಂಚಲನವನ್ನುಂಟುಮಾಡಿತು.

ಊತ ಇಳಿಸುವ ಮಾತ್ರೆಯಿಂದ ಭ್ರಮೆ ಇಳಿಯುವುದೆಂತು? ಇಲ್ಲಿಯೇ ಲೀಬಿಗ್‌ನ ನಾಯಿಯ ಆಮ್ಲ ಮತ್ತೆ ರಂಗಕ್ಕೆ ಬರುತ್ತದೆ. ನಾವು ಉಣ್ಣುವ ಬೇಳೆ, ಹಾಲು ಮೊದಲಾದ ಆಹಾರದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವಿದೆ. ಅದರ ಸ್ವಲ್ಪ ಭಾಗ ಸೆರೊಟೊನಿನ್ ಎಂಬ ಸಂದೇಶ ದ್ರವ್ಯವಾಗುತ್ತದೆ. ಬಹುಪಾಲು ಕೈನುರೆನಿನ್ ಎಂಬ ವಸ್ತುವಿನ ಹಾದಿ ಹಿಡಿಯುತ್ತದೆ. ಈ ಹಾದಿಯ ಹೆಬ್ಬಾಗಿಲಿನಲ್ಲಿ ಎರಡು ಕಿಣ್ವಗಳು ಕಾವಲಿವೆ. ಒಂದು ಪಿತ್ತಜನಕಾಂಗದಲ್ಲಿ ಕೆಲಸ ಮಾಡುವ ಟಿಡಿಒ. ಇನ್ನೊಂದು ಉಳಿದ ಅಂಗಾಂಶಗಳಲ್ಲಿ ಇರುವ ಐಡಿಒ. ಜಪಾನಿನ ಒಸಾಮು ಹಯೈಶಿ ಅವರ ಪ್ರಯೋಗಶಾಲೆಯು 1960ರ ದಶಕದಲ್ಲಿ ಈ ಎರಡನೆಯದನ್ನು ಗುರುತಿಸಿತು. ಸೋಂಕು ತಗುಲಿ ದೇಹವು ಹೋರಾಟಕ್ಕೆ ನಿಂತಾಗ ಐಡಿಒ ಹುರುಪುಗೊಳ್ಳುತ್ತದೆ. ಅದರಿಂದ ಹೆಚ್ಚಿದ ಕೈನುರೆನಿನ್ ರಕ್ತದಿಂದ ಮಿದುಳನ್ನು ಪ್ರವೇಶಿಸುತ್ತದೆ. ಅಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್‌ಗಳೆಂಬ ಕೋಶಗಳಲ್ಲಿ ಕ್ಯಾಟ್ ಎಂಬ ಮತ್ತೊಂದು ಕಿಣ್ವವು ಅದನ್ನು ಕೈನುರೆನಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ.

ಈ ಆಮ್ಲವು ಮಿದುಳಿನಲ್ಲಿ ಮಾಡುವ ಕೆಲಸವೇನೆಂಬುದಕ್ಕೆ 1982ರಲ್ಲಿ ಉತ್ತರ ದೊರೆಯತೊಡಗಿತು. ಗ್ಲುಟಮೇಟ್ ಎಂಬ ಸಂದೇಶ ದ್ರವ್ಯವನ್ನು ಬರಮಾಡಿಕೊಳ್ಳಲು ನರಕೋಶಗಳ ಮೇಲೆ ಬಾಗಿಲುಗಳಿವೆ. ಅವುಗಳಲ್ಲಿ ಎನ್‌ಎಂಡಿಎ ಗ್ರಾಹಕವೆಂಬುದು ಒಂದು. ಕೈನುರೆನಿಕ್ ಆಮ್ಲವು ಆ ಬಾಗಿಲಿಗೆ ಅಗುಳಿಯಂತೆ ಅಡ್ಡ ನಿಲ್ಲುತ್ತದೆ. ಅರಿವಳಿಕೆಯ ಮದ್ದೆಂದು 1950ರ ದಶಕದಲ್ಲಿ ಬಳಕೆಗೆ ಬಂದ ಫೆನ್‌ಸೈಕ್ಲಿಡೀನ್ ಆರೋಗ್ಯವಂತರಲ್ಲಿಯೂ ಸ್ಕಿಜೋಫ್ರೇನಿಯಾದಂತಹ ಅವಸ್ಥೆಯನ್ನು ತಾತ್ಕಾಲಿಕವಾಗಿ ಉಂಟುಮಾಡುತ್ತಿತ್ತು. ಅದೂ ಮುಚ್ಚುವುದು ಇದೇ ಬಾಗಿಲನ್ನು ಎಂಬುದು ಆಮೇಲೆ ತಿಳಿಯಿತು. 2001ರಲ್ಲಿ ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಸ್ಕಿಜೋಫ್ರೇನಿಯಾ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಕೈನುರೆನಿಕ್ ಆಮ್ಲದ ಪ್ರಮಾಣ ಅಧಿಕವಾಗಿರುವುದನ್ನು ಕಂಡರು. 2005ರಲ್ಲಿ ಅಲ್ಲಿಯೇ ಇಲಿಗಳ ಮೇಲೆ ನಡೆದ ಪ್ರಯೋಗವು ಎರಡು ಎಳೆಗಳನ್ನೂ ಗಂಟುಹಾಕಿತು. ಕಾಕ್ಸ್-2 ಕಿಣ್ವವನ್ನು ತಡೆದರೆ ಮಿದುಳಿನ ಕೈನುರೆನಿಕ್ ಆಮ್ಲ ಇಳಿಯಿತು. ಕಾಕ್ಸ್-1 ಕಿಣ್ವವನ್ನು ತಡೆದರೆ ಅದು ಏರಿತು. ಉರಿಯೂತ ನಿವಾರಕಗಳೆಲ್ಲ ಒಂದೇ ಎನ್ನುವಂತಿರಲಿಲ್ಲ. ಒಂದೇ ಮನೆತನದ ಎರಡು ಕಿಣ್ವಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತಿದ್ದವು. 1853ರ ಗುರುಶಿಷ್ಯರ ಎರಡು ವಸ್ತುಗಳ ವಂಶಗಳು ಹೀಗೆ ಒಂದೆಡೆ ಸಂಧಿಸಿದವು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ವಿಜ್ಞಾನದ ಇತಿಹಾಸವು ನಮ್ಮ ಆಸೆಯಂತೆ ನಡೆಯುವುದಿಲ್ಲ. 2005ರಲ್ಲಿ ಅಮೆರಿಕದಲ್ಲಿ ದೀರ್ಘಕಾಲದ ರೋಗಿಗಳಿಗೆ 8 ವಾರಗಳ ಕಾಲ ಸೆಲೆಕಾಕ್ಸಿಬ್ ಕೊಟ್ಟ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ. 2007ರಲ್ಲಿ ಇರಾನಿನ ವೈದ್ಯರು 60 ರೋಗಿಗಳಲ್ಲಿ ಲಾಭ ಕಂಡರು. 2010ರಲ್ಲಿ ಮ್ಯೂನಿಕ್‌ನವರು ರೋಗವು ಹೊಸದಾಗಿ ತೋರಿದ್ದವರನ್ನೇ ಆರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ ಮತ್ತೆ ಲಾಭ ಕಂಡಿತು. ಹಳೆಯ ರೋಗಿಗಳಲ್ಲಿ ವಿಫಲ, ಹೊಸ ರೋಗಿಗಳಲ್ಲಿ ಅಷ್ಟಿಷ್ಟು ಸಫಲ ಎಂಬ ಒಂದು ರೇಖೆ ಮಸುಕಾಗಿ ಮೂಡಿತು. ಇದರ ನಡುವೆ 2004ರ ಸೆಪ್ಟೆಂಬರಿನಲ್ಲಿ ಸೆಲೆಕಾಕ್ಸಿಬ್‌ನ ಸಹೋದರ ಔಷಧವಾದ ರೋಫೆಕಾಕ್ಸಿಬ್, ಹೃದಯಾಘಾತದ ಅಪಾಯವನ್ನು ಹೆಚ್ಚಿಸುವುದೆಂಬ ಕಾರಣದಿಂದ ಲೋಕದ ಮಾರುಕಟ್ಟೆಯಿಂದಲೇ ಹಿಂತೆಗೆಯಲ್ಪಟ್ಟಿತು. ಆ ವರ್ಗದ ಔಷಧಗಳ ಮೇಲೆಲ್ಲ ಶಂಕೆಯ ನೆರಳು ಬಿದ್ದಿತು.

ಆಸ್ಪಿರಿನ್ನಿನ ಕಥೆಯೂ ಹೀಗೆಯೇ. 2010ರಲ್ಲಿ ನೆದರ್‌ಲೆಂಡ್ಸ್ ದೇಶದಲ್ಲಿ 70 ರೋಗಿಗಳಿಗೆ ಮಾಮೂಲಿನ ಔಷಧದೊಡನೆ ದಿನಕ್ಕೆ 1000 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಗುಳಿಗೆಯನ್ನು 3 ತಿಂಗಳು ಕೊಟ್ಟು ನೋಡಿದಾಗ ಆಸ್ಪಿರಿನ್‌ನಿಂದ ತುಸು ಪ್ರಯೋಜನವಿರುವಂತೆ ತೋರಿತು. ಇಲಿಗಳ ಪ್ರಯೋಗವನ್ನೇ ನೆಚ್ಚಿದರೆ, ಕಾಕ್ಸ್-1 ಕಿಣ್ವವನ್ನೂ ತಡೆಯುವ ಆಸ್ಪಿರಿನ್ನಿನಿಂದ ಈ ಫಲ ಬರಬಾರದಾಗಿತ್ತು. 2021ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಒಟ್ಟು 360 ರೋಗಿಗಳನ್ನು ಪರೀಕ್ಷಿಸಿದಾಗ ಆಸ್ಪಿರಿನ್ ಹುಸಿ ಗುಳಿಗೆಗಿಂತ ಮೇಲಾಗಿ ತೋರಲಿಲ್ಲ. ಮಿದುಳಿನ ಉರಿಯೂತವನ್ನು ತಗ್ಗಿಸಬಹುದೆಂದು ನಂಬಲಾಗಿದ್ದ ಮಿನೊಸೈಕ್ಲಿನ್ ಎಂಬ ಜೀವಿನಿರೋಧಕದ ಮೇಲೂ ಬಹಳ ಭರವಸೆಯಿತ್ತು. ಬ್ರಿಟನ್ನಿನಲ್ಲಿ 207 ಹೊಸ ರೋಗಿಗಳ ಮೇಲೆ 12 ತಿಂಗಳು ನಡೆದ ಪ್ರಯೋಗದ ವರದಿ 2018ರಲ್ಲಿ ಹೊರಬಂದಾಗ ಆ ಭರವಸೆಯೂ ಹುಸಿಯಾಯಿತು. ಕ್ಯಾಟ್ ಕಿಣ್ವವನ್ನೇ ನೇರವಾಗಿ ತಡೆಯುವ ವಸ್ತುಗಳನ್ನು ಪ್ರಯೋಗಶಾಲೆಗಳಲ್ಲಿ ರಚಿಸಲಾಗಿದ್ದರೂ ಅವುಗಳಲ್ಲಿ ಯಾವುದೂ ಈ ರೋಗಕ್ಕೆ ಅಂಗೀಕೃತ ಔಷಧವಾಗಿಲ್ಲ. ಯಾವ ಉರಿಯೂತ ನಿವಾರಕವೂ ಆಗಿಲ್ಲ.

ಹಾಗಾದರೆ ಈ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮವೆ? ಅಲ್ಲವೆನ್ನುವುದಕ್ಕೆ ಒಂದು ನಿದರ್ಶನ ಸಾಕು. 2007ರಲ್ಲಿ ಜೋಸೆಪ್ ಡಾಲ್‌ಮೌ ಎಂಬ ನರರೋಗತಜ್ಞರೂ ಅವರ ಸಂಗಡಿಗರೂ ಒಂದು ವಿಚಿತ್ರ ರೋಗದ ಮೂಲವನ್ನು ಬಯಲಿಗೆಳೆದರು. ಅದು ಹೆಚ್ಚಾಗಿ ತರುಣಿಯರಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹಠಾತ್ತಾಗಿ ಭ್ರಮೆ ಮತ್ತು ಉದ್ರೇಕ, ಆಮೇಲೆ ಸೆಳವು ಮತ್ತು ಪ್ರಜ್ಞಾಹೀನತೆ ಇದರ ಲಕ್ಷಣಗಳು. ದೇಹದ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ, ನಾವು ಮೇಲೆ ಹೇಳಿದ ಎನ್‌ಎಂಡಿಎ ಬಾಗಿಲುಗಳ ಮೇಲೆಯೇ ದಾಳಿಮಾಡುವುದು ಇದರ ಕಾರಣವಾಗಿತ್ತು. ಮೊದಲಲ್ಲಿ ಇವರಲ್ಲಿ ಅನೇಕರನ್ನು ಮನೋರೋಗಿಗಳೆಂದೇ ಎಣಿಸಲಾಗುತ್ತದೆ. ರೋಗವನ್ನು ಗುರುತಿಸಿ ಆ ದಾಳಿಯನ್ನು ತಗ್ಗಿಸುವ ಚಿಕಿತ್ಸೆಯನ್ನು ಬೇಗನೆ ಕೊಟ್ಟರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಹಿಂದಿನ ಕಾಲದಲ್ಲಾಗಿದ್ದರೆ ಇವರಿಗೆ ಸಂಕೋಲೆಯೋ ಸಾವೋ ಗತಿಯಾಗುತ್ತಿತ್ತು. ವಾಗ್ನರ್-ಯಾವ್ರೆಗ್‌ನ ಕಾಲದಂತೆಯೇ ಇಲ್ಲಿಯೂ ಹುಚ್ಚೆಂಬ ದೊಡ್ಡ ರಾಶಿಯಿಂದ ಒಂದು ರೋಗವು ಬೇರ್ಪಟ್ಟು ತನ್ನ ಮದ್ದನ್ನು ಪಡೆಯಿತು. ಇಂದು ಸ್ಕಿಜೋಫ್ರೇನಿಯಾ ಎಂಬ ಒಂದೇ ಹೆಸರಿನಡಿ ಹಲವು ರೋಗಗಳು ಅಡಗಿರಬಹುದೆಂದೂ, ಅವುಗಳಲ್ಲಿ ಕೆಲವಕ್ಕೆ ಮಾತ್ರ ಉರಿಯೂತವು ಮೂಲವಾಗಿರಬಹುದೆಂದೂ ಸಂಶೋಧಕರು ಭಾವಿಸುತ್ತಾರೆ. ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಪ್ರಯೋಗಗಳು ಸೋಲಲು ಇದೂ ಕಾರಣವಿದ್ದೀತು.

ಪ್ರಯೋಗಗಳಲ್ಲಿ ಮೂಡಿದ ಆ ಮಸುಕು ರೇಖೆಯಲ್ಲಿಯೂ ಒಂದು ಪಾಠವಿದೆ. ಮದ್ದು ಯಾವುದೇ ಇರಲಿ, ರೋಗ ಹೊಸದಾಗಿರುವಾಗ ಅದರ ಫಲ ಹೆಚ್ಚು. ತಡಮಾಡಿದಷ್ಟೂ ಗುಣ ಕಷ್ಟ. ಇದನ್ನು ಸಾಧಿಸಲು ಮದ್ದು ಹಳ್ಳಿಯನ್ನು ಮುಟ್ಟಬೇಕು. ಈ ವಿಷಯದಲ್ಲಿ ನಮ್ಮ ನಾಡು ದೇಶಕ್ಕೇ ದಾರಿ ತೋರಿದೆ. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ಒಯ್ದಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಈ ದೀರ್ಘ ಕಥೆಯಿಂದ ನಾವು ಗ್ರಹಿಸಬೇಕಾದುದೇನು? ಮೊದಲನೆಯದಾಗಿ, ನೋವಿನ ಗುಳಿಗೆಯಿಂದ ಹುಚ್ಚು ಬಿಡುವುದಂತೆ ಎಂಬ ಗಾಳಿಮಾತನ್ನು ನಂಬಿ ಯಾರೂ ವೈದ್ಯರು ಕೊಟ್ಟ ಮದ್ದನ್ನು ನಿಲ್ಲಿಸಬಾರದು. ಮೇಲಿನ ಯಾವ ಪ್ರಯೋಗದಲ್ಲಿಯೂ ಉರಿಯೂತ ನಿವಾರಕವನ್ನು ಮೂಲ ಔಷಧದ ಬದಲಿಗೆ ಕೊಡಲಿಲ್ಲ, ಅದರ ಜೊತೆಗೆ ಕೊಟ್ಟರು. ಸ್ವಂತ ಬುದ್ಧಿಯಿಂದ ನುಂಗಿದ ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ತಂದೀತು, ಸೆಲೆಕಾಕ್ಸಿಬ್ ಹೃದಯಕ್ಕೂ ಮೂತ್ರಪಿಂಡಕ್ಕೂ ಕುತ್ತು ತಂದೀತು. ಎರಡನೆಯದಾಗಿ, ಹೊಸ ವಿಚಾರ ಬಂದಾಗ ಅದನ್ನು ಕುರುಡಾಗಿ ಅಪ್ಪಿದ ಕಾಟನ್‌ನನ್ನು ನೆನೆಯಬೇಕು. ತಾನೇ ತೂಕಕ್ಕೆ ಒಡ್ಡಿಕೊಂಡು, ತೂಕ ಕಡಿಮೆ ಬಂದಾಗ ಅದನ್ನು ಮುಚ್ಚಿಡದೆ ಪ್ರಕಟಿಸಿದ ಸಂಶೋಧಕರನ್ನೂ ನೆನೆಯಬೇಕು. ಗ್ರೀನೇಕರ್‌ಳ ವರದಿಯನ್ನು ಅದುಮಿಟ್ಟ ಕಾಲದಿಂದ ಸೋಲನ್ನೂ ಅಚ್ಚುಹಾಕುವ ಕಾಲಕ್ಕೆ ವೈದ್ಯವಿಜ್ಞಾನ ಬಂದು ಮುಟ್ಟಿದುದೇ ಒಂದು ದೊಡ್ಡ ಗೆಲುವು.

ಕೊನೆಯದಾಗಿ, ಆ ಮುಚ್ಚಿದ ಬಾಗಿಲಿನ ಮನೆಗೆ ಮರಳೋಣ. ಅಲ್ಲಿ ಮೂಲೆ ಹಿಡಿದು ಕುಳಿತ ಮಗನ ಮಿದುಳಿನಲ್ಲಿ ಯಾವ ಕಿಣ್ವವು ಎಲ್ಲಿ ದಾರಿತಪ್ಪಿತೆಂಬುದನ್ನು ಇಂದಿನ ವಿಜ್ಞಾನವು ಪೂರ್ಣವಾಗಿ ಹೇಳಲಾರದು. ಆದರೆ ಅದು ಅವನ ತಪ್ಪಲ್ಲ, ಅವನ ತಾಯಿಯ ತಪ್ಪಲ್ಲ, ಯಾರ ಪಾಪದ ಫಲವೂ ಅಲ್ಲ ಎಂಬುದನ್ನು ನಿಸ್ಸಂದೇಹವಾಗಿ ಹೇಳಬಲ್ಲುದು. ಸಕ್ಕರೆ ಕಾಯಿಲೆಯಂತೆ, ಸಂಧಿವಾತದಂತೆ ಅದೂ ಒಂದು ಬೇನೆ. ನೆರೆಮನೆಯವರು ಹಣ್ಣುಹಂಪಲು ಹಿಡಿದು ಆ ಬಾಗಿಲನ್ನೂ ತಟ್ಟಿ, ಅವನನ್ನು ವೈದ್ಯರ ಬಳಿಗೆ ಬೇಗನೆ ಕರೆದೊಯ್ಯಲು ಹೆಗಲು ಕೊಟ್ಟರೆ, ಯಾವ ಪ್ರಯೋಗಶಾಲೆಯ ಮದ್ದಿಗೂ ಕಾಯದೆ ಆ ಮನೆಯ ಅರ್ಧ ಸಂಕಟ ಇಂದೇ ನೀಗೀತು.